ಖಾಡಿಗೆ ಎಸೆಯದ ಕಮಾನು

ಏಳು ವರ್ಷ ನಾನು ಒಂದು ಕಾದಂಬರಿಯನ್ನು ಬರೆಯದೇ ಇದ್ದೆ. ಬರೆಯದೇ ಇರುವುದಕ್ಕೂ ಸಾಕಷ್ಟು ಕೆಲಸ ಮಾಡಬೇಕಾಗುತ್ತದೆ. ಭಾಂಡುಪ್ ಎಂಬ ಉಪನಗರದ ಗಲ್ಲಿಗಳ ನಕ್ಷೆ ಬರೆದೆ, ಮುಚ್ಚಿಹೋದ ಕಾರ್ಖಾನೆಗಳ ಪಾಳಿಯ ವೇಳೆ ಕೇಳಿ ಗುರುತು ಹಾಕಿಕೊಂಡೆ, ಪಾತ್ರಗಳ ವಯಸ್ಸು ಹೊಂದುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಮೊದಲ ವಾಕ್ಯ ಮಾತ್ರ ಬರೆಯಲಿಲ್ಲ. ಗೆಳೆಯರು ಕೇಳಿದರೆ ಇನ್ನೂ ಮಾಹಿತಿ ಸಾಲದು ಎನ್ನುತ್ತಿದ್ದೆ. ಕಾರಣ ಅದಲ್ಲವೆಂದು ನನಗೆ ಗೊತ್ತಿತ್ತು.

ಕಾರಣ ನನ್ನ ಎಂ.ಫಿಲ್ ಪ್ರಬಂಧದ ಒಂದು ಪುಟ. ಸಮಾಜಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಭಾಂಡುಪ್‌ನಲ್ಲಿ ಹತ್ತಿಯ ಗಾದಿ ಮಾಡುವ ಪಿಂಜಾರರ ಬಗ್ಗೆ ಅಧ್ಯಯನ ಮಾಡಿದ್ದೆ. ವಿಜಯಪುರದ ಕಡೆಯವರೊಬ್ಬರ ಅಂಗಡಿಯಲ್ಲಿ ವಾರಗಟ್ಟಲೆ ಕೂತಿದ್ದೆ. ಅವರ ತಂದೆ ಬಿಲ್ಲಿನಂಥ ಉದ್ದನೆಯ ಕಮಾನನ್ನು ಹೆಗಲ ಮೇಲಿಟ್ಟುಕೊಂಡು ಕಾರ್ಮಿಕರ ಸಾಲುಮನೆಗಳ ಚಾಳಿನಿಂದ ಚಾಳಿಗೆ ಹೋಗಿ ಹತ್ತಿ ಹಿಂಜುತ್ತಿದ್ದವರು. ಮಗ ಯಂತ್ರ ತಂದರು. ಯಂತ್ರ ಬಂದ ದಿನ ತಂದೆ ಕಮಾನನ್ನು ಒಯ್ದು ಭಾಂಡುಪ್‌ನ ಪೂರ್ವಕ್ಕಿರುವ ಸಮುದ್ರದ ಹಿನ್ನೀರಿನ ಖಾಡಿಯ ಕೆಸರು ನೀರಿಗೆ ಎಸೆದು ಬಂದರು ಎಂದು ನನ್ನ ಪ್ರಬಂಧದಲ್ಲಿ ಆ ಮಗ ಹೇಳುತ್ತಾರೆ, ಉದ್ಧರಣ ಚಿಹ್ನೆಗಳ ನಡುವೆ. ನನ್ನ ಮಾರ್ಗದರ್ಶಕರು ಆ ಸಾಲಿನ ಕೆಳಗೆ ಗೆರೆ ಎಳೆದು, ಇಡೀ ಅಧ್ಯಾಯ ಇದರ ಮೇಲೆ ನಿಂತಿದೆ ಎಂದು ಮೆಚ್ಚಿದ್ದರು.

ಅದನ್ನು ಆ ಮಗ ನಿಜಕ್ಕೂ ಹೇಳಿದ್ದರೇ? ನನ್ನ ಟಿಪ್ಪಣಿ ಪುಸ್ತಕದಲ್ಲಿರುವುದು ಮೂರೇ ಪದ: ಅಪ್ಪ, ಕಮಾನು, ಖಾಡಿ. ಕೊನೆಯ ಪದದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಲವು ದಿನ ಅವರ ಧ್ವನಿಯೇ ಕಿವಿಯಲ್ಲಿ ಕೇಳುತ್ತಿತ್ತು. ಇನ್ನು ಕೆಲವು ದಿನ, ಪ್ರಬಂಧ ಒಪ್ಪಿಸುವ ಗಡಿಬಿಡಿಯಲ್ಲಿ ಹಾಸ್ಟೆಲಿನ ಮೇಜಿನ ಮುಂದೆ ಕೂತು ನಾನೇ ಅದನ್ನು ಕಟ್ಟಿದ್ದು ಅಷ್ಟೇ ಸ್ಪಷ್ಟವಾಗಿ ನೆನಪಾಗುತ್ತಿತ್ತು. ಬೇರೆಯವರ ನೆನಪನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತ್ತು. ನನ್ನದನ್ನು ಆ ಪರೀಕ್ಷೆಗೆ ಒಡ್ಡಿದಾಗ ಏನೂ ಗಟ್ಟಿಯಾಗಿ ನಿಲ್ಲಲಿಲ್ಲ. ಕಾದಂಬರಿಯೂ ಆ ಕಮಾನು ನೀರಿಗೆ ಬೀಳುವಲ್ಲಿಂದಲೇ ಶುರುವಾಗಬೇಕಿತ್ತು. ಒಂದು ಸಾಲು ಕಲ್ಪಿಸಿ ಜೀವಂತ ಮನುಷ್ಯನ ಬಾಯಲ್ಲಿ ಇಟ್ಟವನು ಮುನ್ನೂರು ಪುಟ ಕಲ್ಪಿಸಹೊರಟರೆ ಇನ್ನೇನು ಮಾಡಿಯಾನು ಎಂದು ನನಗೆ ನನ್ನದೇ ಭಯ.

ಕಳೆದ ವರ್ಷ ಒಂದು ಭಾನುವಾರ, ಮನೆಯ ಹಳೆಯ ಗಾದಿಯನ್ನು ಟೆಂಪೋಗೆ ಹಾಕಿಸಿಕೊಂಡು ನಾನಿರುವ ವಡಾಲದಿಂದ ಭಾಂಡುಪ್‌ಗೆ ಹೋದೆ. ಬರಿಗೈಲಿ ಹೋಗಿ ವಿಷಯ ಎತ್ತುವ ಧೈರ್ಯವಿರಲಿಲ್ಲ. ಆ ಅಂಗಡಿಯವರು ಗುರುತು ಹಿಡಿದರು. ಗಡ್ಡ ಬೆಳ್ಳಗಾಗಿತ್ತು.

“ವಡಾಲದಾಗ ಪಿಂಜಾರ್‍ರೆಲ್ಲಾ ಸತ್ತಾರೇನ್ರಿ ಸರ?” ಎಂದು ನಕ್ಕರು.

ನಾನು ಟೆಂಪೋದವನಿಗೆ ಹಣ ಕೊಟ್ಟು ತಿರುಗುವಷ್ಟರಲ್ಲಿ ಗಾದಿಯ ಹೊಲಿಗೆಯನ್ನು ಒಂದು ಬದಿಯಿಂದ ಬಿಚ್ಚಿಬಿಟ್ಟಿದ್ದರು. ಬಿಚ್ಚಿದ ಗಾದಿಯನ್ನು ಅವರು ಮರುದಿನಕ್ಕೆ ಇಟ್ಟುಕೊಳ್ಳುವುದಿಲ್ಲ. ಅದರ ಮೇಲೆ ಆ ದಿನವೇ ಯಾರೋ ಮಲಗಬೇಕಲ್ಲ. ಹತ್ತಿ ಎಷ್ಟೇ ಗಂಟುಕಟ್ಟಿದ್ದರೂ ಸಂಜೆಯ ನಮಾಜಿಗೆ ಮೊದಲು ಹಿಂಜಿ, ತುಂಬಿ, ಹೊಲಿದು ಕೊಡುತ್ತಾರೆ. ಹಾಗಾಗಿ ನನಗೆ ಸಂಜೆಯವರೆಗೆ ಅಲ್ಲಿ ಕೂರುವುದಿತ್ತು.

ಕಿಸೆಯಲ್ಲಿ ಪ್ರಬಂಧದ ಆ ಪುಟದ ಜೆರಾಕ್ಸ್ ಇತ್ತು. ಮಧ್ಯಾಹ್ನ ಅವರು ಯಂತ್ರ ನಿಲ್ಲಿಸಿ ಚಹಾ ತರಿಸಿದಾಗ ಹೊರಗೆ ತೆಗೆದೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಅವರು ಚಹಾದ ಗ್ಲಾಸನ್ನು ಕೆಳಗಿಟ್ಟರು.

“ನಾ ಹಂಗ ಹೇಳಿಲ್ರಿ. ನಮ್ಮಪ್ಪ ಕಮಾನ ಒಗದಿಲ್ಲ. ನೀವು ನಿಮ್ಮ ಪೆನ್ನ ಖಾಡ್ಯಾಗ ಒಗೀತೀರೇನು?”

ಆಮೇಲೆ, ತಂದೆ ಸಂಜೆ ಖಾಡಿಯ ಕಡೆಗೆ ಅಡ್ಡಾಡಲು ಹೋಗುತ್ತಿದ್ದುದು ಖರೆ, ಆದರೆ ಬರಿಗೈಲಿ ಎಂದರು. ನನ್ನ ಟಿಪ್ಪಣಿಯ ಖಾಡಿಗೂ ಅದರ ಮುಂದಿನ ಪ್ರಶ್ನಾರ್ಥಕ ಚಿಹ್ನೆಗೂ ಅಷ್ಟೇ ಆಧಾರ. ಕಮಾನು ಮನೆಯಲ್ಲೇ ಇದೆಯಂತೆ. ತಂದೆ ಇದ್ದಾಗ ಅದರ ಮೇಲೆ ಒಂದು ಟವಲ್ ಹಾಕಲೂ ಯಾರಿಗೂ ಬಿಡುತ್ತಿರಲಿಲ್ಲ. ಈಗ ಅದು ಯಾವ ಕೆಲಸಕ್ಕೆ ಬರುತ್ತಿದೆ ಎಂಬುದನ್ನೂ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅದನ್ನು ಬರೆಯಬೇಡಿ ಎಂದರು. ಅದನ್ನು ಇಲ್ಲಿ ಬರೆದಿಲ್ಲ. ಬರೆದಷ್ಟನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದ್ದೇನೆ.

ಕಾದಂಬರಿಯ ವಿಷಯವನ್ನೂ ಅಂದೇ ಹೇಳಿದೆ. “ಈಗ ಒಂದು ಕತೆ ಬರೀಬೇಕಂತಿದ್ದೀನಿ, ಭಾಯ್. ಅದರಲ್ಲೂ ಒಬ್ಬ ಪಿಂಜಾರ ಬರ್ತಾನೆ.”

“ಕಥಿ ಅಂದ ಮ್ಯಾಲ ಸುಳ್ಳ ಅಂತ ಎಲ್ಲಾರಿಗೂ ಗೊತ್ತಿರತೈತಿ, ಬರೀರಿ,” ಎಂದರು. “ಆದ್ರ ಅಂವಾ ನಮ್ಮಪ್ಪ ಆಗಬಾರದು. ಹೆಸರ ಬದಲಿ ಮಾಡಿದ್ರ ಸಾಲಂಗಿಲ್ಲ. ಪೂರಾ ಬ್ಯಾರೆ ಮನಷ್ಯಾನ್ನ ಹುಟ್ಟಸ್ರಿ. ಮತ್ತ ಮೊದಲ ಆ ಪುಸ್ತಕದಾಗಿಂದು ತಗಸ್ರಿ.”

ಯಂತ್ರ ಮತ್ತೆ ಶುರುವಾಯಿತು. ಅರಳೆಯ ಧೂಳಿನಲ್ಲಿ ಕೂತು ಲೆಕ್ಕ ಹಾಕಿದರೆ, ನನ್ನ ಏಳು ವರ್ಷದ ಕಡತವೆಲ್ಲ ಅವರ ತಂದೆಯದೇ. ಆ ನಕ್ಷೆ, ಆ ವಯಸ್ಸು, ಆ ಗಲ್ಲಿ, ಒಂದನ್ನೂ ಬಳಸುವಂತಿಲ್ಲ. ಇನ್ನು ಕೇಳಿ ಖಚಿತಪಡಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ನೆಪವೂ ಉಳಿದಿರಲಿಲ್ಲ. ಜೆರಾಕ್ಸ್ ಹಾಳೆಯನ್ನು ಮಗುಚಿ ಬರೆದೆ: ‘ಗಾದಿ ಹೊಲಿಯುವ ದಬ್ಬಣವನ್ನು ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ.’ ಈ ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ. ಯಾರ ತಾಯಿಯೂ ಅಲ್ಲ, ಯಾರೂ ಅವಳ ಬಗ್ಗೆ ನನಗೆ ಹೇಳಿಲ್ಲ. ಆದರೂ ಎರಡನೆಯ ವಾಕ್ಯ ಬರೆದೆ. ಗಾದಿಯ ಕೊನೆಯ ಹೊಲಿಗೆ ಬೀಳುವ ಹೊತ್ತಿಗೆ ಹಾಳೆಯ ಹಿಂಬದಿ ತುಂಬಿತ್ತು.

ಈಗ ಅರವತ್ತು ಪುಟವಾಗಿದೆ. ನಿಲ್ಲಿಸುವುದಿಲ್ಲ ಎಂದುಕೊಂಡಿದ್ದೇನೆ. ಪ್ರಬಂಧದ ಮಾತು ಬೇರೆ. ಸ್ವೀಕೃತವಾದ ಪ್ರಬಂಧವನ್ನು ತಿದ್ದುವ ಪದ್ಧತಿಯಿಲ್ಲ ಎಂದು ಗ್ರಂಥಾಲಯದಿಂದ ಎರಡು ಸಲ ಉತ್ತರ ಬಂತು. ತಪ್ಪೊಪ್ಪಿಗೆಯ ಒಂದು ಚೀಟಿಯನ್ನಾದರೂ ಆ ಪುಟಕ್ಕೆ ಅಂಟಿಸಲು ಬಿಡಿ ಎಂದು ಮೂರನೆಯ ಪತ್ರ ಬರೆದಿದ್ದೇನೆ.

ಅವರು ಆಗಾಗ ಫೋನ್ ಮಾಡುತ್ತಾರೆ. ಕಾದಂಬರಿಯ ಬಗ್ಗೆ ಕೇಳುವುದಿಲ್ಲ. “ತಗದ್ರೇನ್ರಿ ಸರ?” ಎಂದಷ್ಟೇ ಕೇಳುತ್ತಾರೆ. ಇನ್ನೂ ಇಲ್ಲ, ಭಾಯ್ ಎನ್ನುತ್ತೇನೆ.