ಬಲಕ್ಕೆ ಹೋಗಿ ನಿಂತ ಸಾಲುಗಳು

ನನ್ನ ಕನ್ನಡ ಸಾಲುಗಳೆಲ್ಲ ಪರದೆಯ ಬಲಗಡೆಗೆ ಹೋಗಿ, ಗೋಡೆಗೆ ಒರಗಿದಂತೆ ನಿಂತಿದ್ದವು. ಅಕ್ಷರ ಒಂದೊಂದೂ ಬ್ಯಾನರಿನಲ್ಲಿ ಬರೆಸಿದಷ್ಟು ದಪ್ಪ. ಮನ್ನಾಏಖೇಳ್ಳಿಯಿಂದ ಮದುವೆ ಕಾರ್ಡಿಗೆ ಬಂದವರು ಬೆನ್ನ ಹಿಂದೆಯೇ ಕುಳಿತಿದ್ದರು.

“ಭಾಯ್, ಮತ್ತ ನನ್ನ ಸೆಟ್ಟಿಂಗ್ ಕೆಡಿಸೀರಿ,” ಅಂದೆ, ಪಕ್ಕದಲ್ಲಿದ್ದ ಉರ್ದು ಟೈಪಿಸ್ಟರಿಗೆ.

“ನಾ ಯಾಕ ಮುಟ್ಲಿ ತಮ್ಮಾ? ನಿನ್ನಿ ನಂದು ಎಡಕ್ಕ ದಬ್ಬಿದವ ನೀನ.”

ಬೈದುಕೊಂಡೇ ಸರಿ ಮಾಡಿಕೊಂಡೆ. ಬಸವಕಲ್ಯಾಣದ ಆ ಟೈಪಿಂಗ್ ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಿಗ್ಗೆ ನಾನು ಕನ್ನಡ ಹೊಡೆಯುತ್ತಿದ್ದೆ, ಭಾಯ್ ಪಕ್ಕದಲ್ಲಿ ಕುಳಿತು ಕರಡು ತಿದ್ದುತ್ತಿದ್ದರು. ಮಧ್ಯಾಹ್ನ ಅವರು ಉರ್ದು ಹೊಡೆಯುತ್ತಿದ್ದರು. ಇಬ್ಬರಿಗೂ ಬೇರೆ ಲಾಗಿನ್, ಟೈಪ್ ಮಾಡುವ ಎಡಿಟರ್ ಮಾತ್ರ ಒಂದೇ. ಉರ್ದು ಬಲದಿಂದ ಹೊರಡುತ್ತದೆ, ಕನ್ನಡ ಎಡದಿಂದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕೀಬೋರ್ಡ್ ಕಲಿಸಿದ್ದೂ ಅವರೇ.

ಇಬ್ಬರೂ ಪಾಸ್‌ವರ್ಡ್ ಹಾಕಿಕೊಂಡೆವು. ಮರುದಿನವೂ ಅದೇ ಕತೆ. ಅವರು ಕದ್ದು ನೋಡಿದ್ದಾರೆ ಅಂತ ನಾನು, ನಾನು ಕದ್ದು ನೋಡಿದ್ದೇನೆ ಅಂತ ಅವರು. ಭಾಯ್ ಚಪ್ಪಲಿ ಮೆಟ್ಟಿದರು.

“ಹುಮನಾಬಾದದಾಗ ನಮ್ಮ ಅಳಿಯನ ಝೆರಾಕ್ಸ್ ಅಂಗಡಿ ಐತಿ. ಅಲ್ಲೇ ಕುಂದರತೀನಿ. ನೀ ಎಡಕ್ಕರೆ ಹೋಗು, ಬಲಕ್ಕರೆ ಹೋಗು.”

ಮಾಲಕರು ನನ್ನ ಕಡೆ ತಿರುಗಿದರು. “ಅಂವ ಹೋದ್ರ ಉರ್ದು ಗಿರಾಕಿ ಎಲ್ಲಾ ಅವನ ಹಿಂದ ಹೋಗ್ತಾರ. ಕರಕೊಂಡು ಬಾ. ಇಲ್ಲಂದ್ರ ಕಂಪ್ಯೂಟರ್ ಮಾರಿ ಪಾನ್ ಡಬ್ಬಿ ಇಡ್ತೀನಿ. ಅದಕ್ಕ ಪಾಸ್‌ವರ್ಡ್ ಬೇಕಾಗಂಗಿಲ್ಲ.”

ನಾನು ಹೋಗಲಿಲ್ಲ. ತಪ್ಪು ಅವರದು, ನಾನೇಕೆ ಹೋಗಲಿ?

ಆಮೇಲೆ ಒಂದು ದಿನ, ಭಾಯ್ ಹೊಡೆದಿಟ್ಟಿದ್ದ ಉರ್ದು ಕಾರ್ಡ್ ಬೇಕೆಂದು ಗಿರಾಕಿ ಬಂದು ಕುಳಿತರು. ಪಾಸ್‌ವರ್ಡ್ ಕೇಳಲು ಭಾಯ್‌ಗೆ ಫೋನ್ ಹಚ್ಚಿದೆ.

“ನಿನಗ ಮೊದಲ ಗೊತ್ತೈತಲ್ಲ, ಮತ್ತ ಯಾಕ ಕೇಳ್ತಿ?” ಅಂದರು. ಹಾಗಂದೂ ಪಾಸ್‌ವರ್ಡ್ ಹೇಳಿದರು.

ತೆರೆದು ನೋಡಿದರೆ ಉರ್ದು ಎಡಕ್ಕೆ ಬಿದ್ದಿತ್ತು, ಅಕ್ಷರ ಇರುವೆಯಷ್ಟು. ಅಲ್ಲಿಗೆ ನಾನು ಕಾಲಿಟ್ಟಿದ್ದೇ ಅಂದು ಮೊದಲು. ಬಲಕ್ಕೆ ತಂದೆ, ದಪ್ಪ ಮಾಡಿದೆ, ಪ್ರಿಂಟ್ ಕೊಟ್ಟು ಕಳಿಸಿದೆ. ನನ್ನ ಲಾಗಿನ್‌ಗೆ ಬಂದರೆ ನನ್ನ ಕನ್ನಡ ಮತ್ತೆ ಬಲಕ್ಕೆ. ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಒಂದು ಬೆಕ್ಕೂ ಇರಲಿಲ್ಲ.

ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ಅವನು ಹೇಳಿದ ಜಾಗದಲ್ಲಿ ನನ್ನ ಸೆಟ್ಟಿಂಗ್ ಫೈಲ್ ಇತ್ತು, ಅದರ ಮೇಲೆ ಸಣ್ಣ ಬಾಣದ ಗುರುತು. ಭಾಯ್ ಕಡೆಯದಕ್ಕೂ ಅದೇ ಬಾಣ.

“ಅದು ಫೈಲ್ ಅಲ್ಲಪ, ಲಿಂಕ್. ಅಸಲಿ ಫೈಲ್ ಬ್ಯಾರೆ ಕಡೆ ಒಂದೇ ಐತಿ. ಎರಡೆರಡ ಸಲ ಯಾರು ಸೆಟ್ಟಿಂಗ್ ಮಾಡಬೇಕಂತ ನಾನ ಹಂಗ ಇಟ್ಟೀನಿ.”

ಅಂಗಡಿ ಬದಲಿಸಿದವರು ಹಳೇ ಶಟರಿಗೆ ‘ಎದುರಿನ ಗಲ್ಲಿಗೆ ಬನ್ನಿ’ ಅಂತ ಚೀಟಿ ಅಂಟಿಸುತ್ತಾರಲ್ಲ, ಲಿಂಕ್ ಅಂದರೆ ಆ ಚೀಟಿ. ನಮ್ಮ ಎರಡೂ ಚೀಟಿ ಒಂದೇ ಅಂಗಡಿಗೆ ಕಳಿಸುತ್ತಿದ್ದವು. ನಾವು ಖಾಲಿ ಶಟರುಗಳಿಗೆ ಬೀಗ ಹಾಕಿ ಜಗಳಾಡಿದ್ದೆವು.

ಲಿಂಕಿನ ಮೇಲೇ ಅಸಲಿ ಫೈಲಿನ ನಕಲು ಹಾಕಲು ಹೋದೆ. ಎರಡೂ ಒಂದೇ ಫೈಲು ಅಂತ ಕಂಪ್ಯೂಟರ್ ಒಪ್ಪಲಿಲ್ಲ. ಮೊದಲು ಲಿಂಕ್ ಅಳಿಸಿ, ಆ ಜಾಗದಲ್ಲಿ ನಕಲು ಹಾಕಿದೆ, ಒಪ್ಪಿತು. ನನ್ನದನ್ನು ಎಡಕ್ಕೆ ತಂದು ಭಾಯ್ ಲಾಗಿನ್ ತೆರೆದೆ. ಉರ್ದು ಬಲಕ್ಕೇ ಇತ್ತು, ಅಲುಗಿರಲಿಲ್ಲ.

ಸಂಜೆ ಬಸ್ಸಿಗೆ ಹುಮನಾಬಾದಿಗೆ ಹೋದೆ. ಭಾಯ್ ಯಾರದೋ ರೇಷನ್ ಕಾರ್ಡ್ ಹಿಡಿದು ಝೆರಾಕ್ಸ್ ಮಶೀನಿನ ಮುಂದೆ ನಿಂತಿದ್ದರು. ಎಲ್ಲ ಹೇಳಿದೆ.

“ಅಂದ್ರ ನಿಂದು ನಾ ಕೆಡಿಸೀನಿ, ನಂದು ನೀ ಕೆಡಿಸೀದಿ?”

“ಹೌದ್ರಿ.”

“ಮತ್ತ ಇಬ್ಬರೂ ಮುಟ್ಟಿಲ್ಲ?”

“ಇಲ್ರಿ.”

ಭಾಯ್ ರೇಷನ್ ಕಾರ್ಡ್ ಕೆಳಗಿಟ್ಟು ನಕ್ಕರು. “ಆ ಮೆಕ್ಯಾನಿಕ್ ಸಿಗ್ಲಿ, ಅವನ ಎರಡೂ ಚಪ್ಪಲ್ ಒಂದೇ ಕಾಲಿಗೆ ಲಿಂಕ್ ಮಾಡ್ತೀನಿ.”

“ನಾಳೆ ಬರ್ತೀರಿಲ್ಲ?”

“ಇಲ್ಲಿ ಅಳಿಯ ದಿನಾ ಬದನಿಕಾಯಿ ತಿನಸಾಕತ್ತಾನ. ನಾಳಿ ಯಾಕ, ಈಗ ನಡಿ.”

ಇಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ಮರುದಿನ ಪಾಸ್‌ವರ್ಡ್ ಎರಡೂ ತೆಗೆದೆವು. ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.