ಮುನಿವೆಂಕಟಮ್ಮತ್ತೆ ಉಗಿಯದ ನೀರು

ಮೊನ್ನೆ ಬಂಗಾರಪೇಟೆಯ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕೆಳತುಟಿಗೆ ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದರು. ಎಳನೀರಿನ ಕೊನೆಯ ಹನಿಯನ್ನು ಸ್ಟ್ರಾದಲ್ಲಿ ಹೀರುವಾಗ ಆಗುತ್ತದಲ್ಲ, ಅಂಥದೇ ಸೊರಸೊರ ಸದ್ದು. ನಿಜಕ್ಕೂ ಹಲ್ಲು ತೋರಿಸಬೇಕಾದವನು ನಾನಲ್ಲ. ಜೊತೆಯಲ್ಲಿ ಬಂದಿದ್ದ ಸೋದರತ್ತೆ ಮುನಿವೆಂಕಟಮ್ಮನಿಗೆ ಧೈರ್ಯ ಬರಲೆಂದು, ಇಲ್ಲದ ಹುಳುಕಿನ ನೆಪ ಹೇಳಿ ಮೊದಲು ನಾನೇ ಮಲಗಿದ್ದೆ. ನನ್ನ ಗ್ರಹಚಾರ, ನೋಡಿದರೆ ಹುಳುಕು ಇದ್ದೇ ಇತ್ತು.

ಅತ್ತೆ ಬೇತಮಂಗಲದವಳು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ, ನಿಮಗೂ ಗೊತ್ತು. ಹಾಗಾಗಿ ಹಲ್ಲು ಹೋದದ್ದು ಅವಳಿಗೆ ಊಟದಲ್ಲಿ ಅಷ್ಟಾಗಿ ತಿಳಿಯಲಿಲ್ಲ. ತಿಳಿದದ್ದು ಹುರಿದ ಕಡಲೆಕಾಯಿಯಲ್ಲಿ. ಸಂಜೆ ಡೈರಿಗೆ ಹಾಲು ಹಾಕಿ ಬಂದು, ಜಗಲಿಯ ಮೇಲೆ ಕಾಲು ಚಾಚಿ ಒಂದು ಹಿಡಿ ಕಡಲೆಕಾಯಿ ತಿನ್ನುವುದೇ ಅವಳ ದಿನದ ಸುಖ. ಅದಕ್ಕೆ ಈಗ ಉಳಿದಿರುವುದು ಬಲಗಡೆ ಮೇಲೊಂದು, ಕೆಳಗೊಂದು ದವಡೆ ಹಲ್ಲು. ಕೆಳಗಿನದು ಹುಳುಕಾಗಿತ್ತು. ಅದು ಹೋದರೆ ಕಡಲೆಕಾಯಿಯೂ ಹೋದಂತೆಯೇ. ಆದರೂ ಡಾಕ್ಟರ ಹತ್ತಿರ ಬರಲೊಲ್ಲಳು. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಬಹಳ ವರ್ಷಗಳ ಹಿಂದೆ, ನಾನು ಕೆಜಿಎಫ್‌ನ ಕಾರ್ಖಾನೆಗೆ ಹೊಸದಾಗಿ ಸೇರಿದ್ದಾಗ ಅವಳನ್ನು ಆಂಡರ್ಸನ್‌ಪೇಟೆಯ ಹಿರಿಯ ಡಾಕ್ಟರೊಬ್ಬರಿಗೆ ತೋರಿಸಿದ್ದೆ. ಅಲ್ಲಿ ಕೊಳವೆಗಿಳವೆ ಇರಲಿಲ್ಲ. ಕುರ್ಚಿಯ ಪಕ್ಕ ಪಿಂಗಾಣಿ ಬೋಗುಣಿಯೊಂದಿತ್ತು, ಅಷ್ಟೆ. ಡಾಕ್ಟರು ಆಗಾಗ ಕೊರೆಯುವುದನ್ನು ನಿಲ್ಲಿಸಿ ಉಗಿಯಲು ಹೇಳುತ್ತಿದ್ದರು. ಕನ್ನಡದಲ್ಲಿ ಹೇಳಿದರು, ತಮಿಳಿನಲ್ಲಿ ಹೇಳಿದರು, ಕೊನೆಗೆ ತೆಲುಗಿನಲ್ಲೂ ಹೇಳಿದರು. ಅತ್ತೆಗೆ ಮೂರೂ ಚೆನ್ನಾಗಿ ಬರುತ್ತವೆ. ಆದರೂ ನೀರು, ರಕ್ತ, ಔಷಧಿ ಎಲ್ಲವನ್ನೂ ಕಣ್ಣು ಮುಚ್ಚಿ ನುಂಗಿದಳು. ಬಸ್ ಸ್ಟ್ಯಾಂಡಿಗೆ ಬಂದವಳೇ ಅಷ್ಟನ್ನೂ ಕಕ್ಕಿದಳು. ಹೊಸ ನೌಕರಿಯ ಗತ್ತು ನನಗೆ. ಉಗಿಯುವಷ್ಟೂ ಬುದ್ಧಿ ಇಲ್ಲವಾ ಎಂದು ಜನರೆದುರೇ ರೇಗಿಬಿಟ್ಟೆ.

“ದೊಡ್ಡೋರ್ ಮುಂದೆ ಉಗಿಯೋದುಂಟೇನ್ಲಾ?” ಅಂದಳು, ಸೆರಗಿನಲ್ಲಿ ಬಾಯೊರೆಸಿಕೊಳ್ಳುತ್ತಾ. “ನಮ್ ಮಾವನ ವಯಸ್ಸೈತೆ ಅವ್ರಿಗೆ.”

ಆಮೇಲೆ ಹಲ್ಲುಗಳನ್ನು ಒಂದೊಂದಾಗಿ ಕಳೆದುಕೊಂಡಳೇ ಹೊರತು ಮೊನ್ನೆಯವರೆಗೂ ಯಾವ ಹಲ್ಲಿನ ಡಾಕ್ಟರ ಮೆಟ್ಟಿಲನ್ನೂ ತುಳಿಯಲಿಲ್ಲ. ಅವತ್ತು ರೇಗಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಸ್ಟೂಲಿನ ಮೇಲೆ ಕುಳಿತು ನನ್ನ ಬಾಯನ್ನೇ ನೋಡುತ್ತಿದ್ದವಳು, ಆ ಪೈಪು ಯಾಕೆ ಎಂದು ಕೇಳಿದಳು. ಡಾಕ್ಟರಮ್ಮ ಕೆಲಸ ನಿಲ್ಲಿಸದೆ ವಿವರಿಸಿದರು. ಕೊರೆಯುವಾಗ ಹಲ್ಲು ಕಾಯದಿರಲೆಂದು ನೀರು ಚಿಮ್ಮುತ್ತದೆ, ಜೊತೆಗೆ ಜೊಲ್ಲೂ ಊರುತ್ತದೆ. ಅಂಗಾತ ಮಲಗಿದವರಿಗೆ ಅದೆಲ್ಲ ಗಂಟಲಿಗೆ ಇಳಿದು ಉಸಿರು ಕಟ್ಟಿದಂತಾಗುತ್ತದೆ. ನೀರು ನಿಂತರೆ ಹುಳುಕು ಕಾಣುವುದಿಲ್ಲ. ಒದ್ದೆಯಾದರೆ ತುಂಬಿದ ಸಿಮೆಂಟು ಹಿಡಿಯುವುದಿಲ್ಲ. ಒದ್ದೆ ಟ್ಯೂಬಿಗೆ ಪಂಕ್ಚರ್ ಪ್ಯಾಚು ಅಂಟದ ಹಾಗೆ ಎಂದು ನಾನೂ ಜಾಣತನ ತೋರಿಸಹೊರಟೆ. ಬಾಯಿಂದ ಬಂದದ್ದು ಬರೀ ಗೊಳಗೊಳ.

ಅತ್ತೆಗೆ ಬೇಕಾಗಿದ್ದುದು ಒಂದೇ ಮಾತು. “ಅಂಗಾದ್ರೆ ನಾನು ಉಗಿಯಂಗಿಲ್ವಾ?”

“ಇಲ್ಲ ಅಜ್ಜಿ, ಎಲ್ಲಾ ಅದೇ ಎಳ್ಕೊಳ್ಳುತ್ತೆ.”

ನಾನು ಇಳಿಯುವುದನ್ನೇ ಕಾಯುತ್ತಿದ್ದವಳಂತೆ ಸೆರಗು ಸಿಕ್ಕಿಸಿ ಹತ್ತಿ ಮಲಗಿದಳು. ಅರ್ಧ ಗಂಟೆ ಕೊಳವೆ ಅವಳ ಪರವಾಗಿ ಉಗಿಯುತ್ತಲೇ ಇತ್ತು. ಹಲ್ಲು ಉಳಿಯಿತು ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಆದ ಸಂತೋಷಕ್ಕೆ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಅವರು ಒಂದು ಲೋಟ ನೀರು ಕೊಟ್ಟು, ಒಮ್ಮೆ ಬಾಯಿ ಮುಕ್ಕಳಿಸಿ ಅಂದರು. ಅತ್ತೆ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ನಮ್ಮಿಬ್ಬರನ್ನೂ ನೋಡುತ್ತಾ ಕುಳಿತಳು. ಈ ಸಲ ನಾನು ರೇಗಲಿಲ್ಲ. ಅವಳು ಯಾರೆದುರೂ ಉಗಿಯುವವಳಲ್ಲ ಎಂದು ಡಾಕ್ಟರಮ್ಮನಿಗೆ ಮೆಲ್ಲಗೆ ಹೇಳಿದೆ. ಅವರು ನಗಲಿಲ್ಲ, ಗೋಡೆಯ ಕಡೆ ತಿರುಗಿ ನಿಂತರು. ನಾನೂ ತಿರುಗಿದೆ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಬ್ಬರೂ ಬಹಳ ಶ್ರದ್ಧೆಯಿಂದ ಓದಿದೆವು.

ನಮ್ಮ ಬೆನ್ನ ಹಿಂದೆ, ಕುರ್ಚಿಯ ಪಕ್ಕದ ಬೋಗುಣಿಗೆ ನೀರು ಬಿದ್ದ ಸದ್ದಾಯಿತು.

“ಮೇಲ್ಗಡೇದೂ ಒಸಿ ನೋಡಮ್ಮ,” ಎಂಬ ದನಿ ಕೇಳಿ ತಿರುಗಿದರೆ, ಅತ್ತೆ ಯಾರೂ ಹೇಳದೆಯೇ ಹಿಂದಕ್ಕೆ ಒರಗಿ, ಬಾಯಿ ತೆರೆದು ಕಾಯುತ್ತಿದ್ದಳು.