ಹುಲಿಗೆಮ್ಮ ಬೇಡವೆಂದ ಕಾಗದ

ಮುಂದಾಗುವುದನ್ನು ಮೊದಲೇ ಹೇಳುತ್ತೇವೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು ನಾನು. "ನನಗೆ ಆಗಲೇ ಅನ್ನಿಸಿತ್ತು" ಎಂದು ಯಾರಾದರೂ ಅಂದರೆ, "ಆದ ಮೇಲೆ ಎಲ್ಲರಿಗೂ ಅನ್ನಿಸಿರುತ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಷ್ಟದ ಭಯವಿರುವಾಗ ಜನ ಹೇಗೆ ತೀರ್ಮಾನ ಮಾಡುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಅದಕ್ಕೆ ಜೂಜಿನಂಥ ಒಂದು ಆಟವಿದೆ. ಮೇಜಿನ ಮೇಲೆ ಇಸ್ಪೀಟಿನಂಥ ಎಲೆಗಳ ನಾಲ್ಕು ಕಟ್ಟುಗಳನ್ನು ಬೋರಲಾಗಿ ಇಡುತ್ತೇವೆ. ಆಡುವವರು ಯಾವ ಕಟ್ಟಿನಿಂದಲಾದರೂ ಒಂದೊಂದೇ ತೆಗೆಯಬೇಕು. ಒಂದು ಎಲೆಗೆ ದುಡ್ಡಿನ ಬದಲು ಹುಣಸೆಬೀಜ ಸಿಗುತ್ತವೆ, ಇನ್ನೊಂದಕ್ಕೆ ಕೈಯಲ್ಲಿದ್ದವೂ ಹೋಗುತ್ತವೆ. ಎಡಗೈ ಬೆರಳುಗಳಿಗೆ ಎರಡು ಕ್ಲಿಪ್ಪು ಹಾಕಿರುತ್ತೇವೆ. ಬೆರಳು ಬೆವರಿದರೆ ಲ್ಯಾಪ್‌ಟಾಪಿನಲ್ಲಿ ಗೆರೆ ಮೇಲೇಳುತ್ತದೆ. ಕೆಲವು ಸಲ ಸೋತ ಮೇಲೆ, ನಷ್ಟದ ಎಲೆಗಳೇ ಹೆಚ್ಚಿರುವ ಕಟ್ಟಿನತ್ತ ಕೈ ಚಾಚುವಾಗಲೇ ಬೆರಳು ಬೆವರುತ್ತದೆ. ಅದರಲ್ಲಿ ಮಾಯೆ ಏನೂ ಇಲ್ಲ, ಪೆಟ್ಟು ತಿಂದ ಮೈ ಕಲಿಯುತ್ತದೆ ಅಷ್ಟೆ.

ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಕೆಲಸಗಾರರಿಗೆ ಈ ಆಟ ಆಡಿಸುತ್ತಿದ್ದೆ. ನಾಲ್ಕನೆಯ ದಿನ ಗೊತ್ತಾಯಿತು, ಆಡಿ ಹೋದವರು ಚಹಾದ ಹೊತ್ತಿಗೆ ಉಳಿದವರಿಗೆಲ್ಲ "ಎಡಗಡಿದು ಮುಟ್ಟಬ್ಯಾಡ್ರಿ, ಮುಳುಗಸ್ತೈತಿ" ಎಂದು ಹೇಳಿಕೊಡುತ್ತಿದ್ದರು. ನನಗೆ ಸಿಟ್ಟು ಬಂತು. ಮರುದಿನ ಹೊಸದಾಗಿ ಅಚ್ಚು ಹಾಕಿಸಿದ ಎಲೆಗಳನ್ನು ತಂದು, ಎಲ್ಲವನ್ನೂ ಬೋರಲಾಗಿಯೇ ಕಲಸಿ ನಾಲ್ಕು ಕಟ್ಟು ಮಾಡಿದೆ. ಯಾವ ಎಲೆ ಎಲ್ಲಿದೆ ಎಂದು ನನಗೂ ತಿಳಿದಿರಲಿಲ್ಲ. ನಿಯಮದ ಪ್ರಕಾರ ಹಾಗೆ ಮಾಡುವಂತಿಲ್ಲ. ಆದರೆ ಅವತ್ತು ನನ್ನ ತಲೆ ನೆಟ್ಟಗಿರಲಿಲ್ಲ.

ಅಪ್ಪಾಜಿ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ತಲೆಯೊಳಗೆ ರಕ್ತನಾಳವೊಂದು ಉಬ್ಬಿತ್ತು. ಆಪರೇಷನ್ ಮಾಡಿದರೆ ಮೇಜಿನ ಮೇಲೇ ಪ್ರಾಣ ಹೋಗಬಹುದು, ಬಿಟ್ಟರೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಒಪ್ಪಿಗೆ ಪತ್ರಕ್ಕೆ ಸಂಜೆ ಐದರೊಳಗೆ ಸಹಿ ಬೇಕೆಂದಿದ್ದರು. ಕುರುಗೋಡಿನಲ್ಲಿ ಮಾಸ್ತರಾಗಿರುವ ನನ್ನ ಅಣ್ಣ ಆಸ್ಪತ್ರೆಯಲ್ಲೇ ಇದ್ದ. "ನೀ ಇದರಾಗ ಓದಿದಾಕಿ ತಂಗಿ. ನೀ ಏನಂತಿ ಅದ" ಎಂದು ಪತ್ರವನ್ನು ನನ್ನ ಕೈಗಿಟ್ಟುಬಿಟ್ಟಿದ್ದ. ಬಳ್ಳಾರಿಯಲ್ಲೇ ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿದೀತೆಂದು ನಾನು ಬೆಳಿಗ್ಗೆಯೇ ಸಿರುಗುಪ್ಪದ ಬಸ್ಸು ಹತ್ತಿದ್ದೆ. ಜನ ಹೇಗೆ ತೀರ್ಮಾನ ಮಾಡುತ್ತಾರೆಂದು ವರ್ಷಗಟ್ಟಲೆ ಓದಿದವಳಿಗೆ ಒಂದು ತೀರ್ಮಾನ ಮಾಡಲಾಗಿರಲಿಲ್ಲ.

ಮಧ್ಯಾಹ್ನ ಹುಲಿಗೆಮ್ಮ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಮಿಲ್ಲಿನ ಅಂಗಳದಲ್ಲಿ ಹರಡಿದ ಭತ್ತದೊಳಗೆ ಬರಿಗಾಲು ಎಳೆಯುತ್ತ ನಡೆದು, ಅದನ್ನು ತಿರುವಿ ಒಣಗಿಸುವುದು ಅವಳ ಕೆಲಸ. ಕ್ಲಿಪ್ಪು ಹಾಕಿದೆ. ಅವಳು ಬಲಗೈಯನ್ನು ಒಂದು ಕಟ್ಟಿನ ಮೇಲೆ ತಂದು ತಡೆದಳು. ಗೆರೆ ಜಿಗಿಯಿತು. ಕೈಯನ್ನು ಪಕ್ಕದ ಕಟ್ಟಿಗೆ ಒಯ್ದಳು, ಗೆರೆ ಇಳಿಯಿತು. ಆ ಎಲೆ ತೆಗೆದಳು. ಗೆಲುವು.

ಇಪ್ಪತ್ತು ಎಲೆ ತೆಗೆದರೂ ಒಂದೇ ಒಂದು ಸೋಲು ಬರಲಿಲ್ಲ. ಕಲಿಯಲು ಅವಳು ಇನ್ನೂ ಒಂದು ಪೆಟ್ಟನ್ನೂ ತಿಂದಿರಲಿಲ್ಲ. ಅವಳು ಬೇಡವೆಂದು ಬಿಟ್ಟ ಎಲೆಯೊಂದನ್ನು ನಾನೇ ಮಗುಚಿ ನೋಡಿದೆ. ನಷ್ಟದ್ದು. ಮುಂದೆ ಅವಳು ಬಿಟ್ಟ ಇನ್ನೆರಡೂ ನಷ್ಟದ್ದೇ.

"ಯಾರು ಹೇಳಿಕೊಟ್ರು ನಿಮಗ?" ಎಂದು ಗದರಿದೆ.

"ಯಾರ್ ಹೇಳ್ತಾರ್ರಿ ಅಕ್ಕೋರ? ನೆಲ್ಲು ಒಣಗಿದ್ದು ಕಾಲಿಗೆ ಗೊತ್ತಾಗಂಗಿಲ್ಲೇನು, ಹಂಗ" ಎಂದು ನಕ್ಕಳು.

ಮಡಿಚಿದ ಒಪ್ಪಿಗೆ ಪತ್ರ ಕಟ್ಟುಗಳ ಪಕ್ಕದಲ್ಲೇ ಬಿದ್ದಿತ್ತು. ನೂರು ಸಲ ಓದಿ ಅಲ್ಲಿಟ್ಟು ಮರೆತಿದ್ದೆ. ಅದನ್ನೂ ಆಟದ್ದೆಂದು ತಿಳಿದಳೋ ಏನೋ, ಹುಲಿಗೆಮ್ಮನ ಕೈ ಅದರ ಮೇಲೆ ಬಂತು. ಗೆರೆ ಪರದೆಯ ತುದಿಗೆ ಹೋಗಿ ಬಡಿಯಿತು. ನಗು ನಿಂತಿತು.

"ಇದು ಬ್ಯಾಡ್ರಿ ಅಕ್ಕೋರ. ಬಿಟ್ಟುಬಿಡ್ರಿ."

"ಅದು ಆಟದ್ದಲ್ಲ."

"ಆಟದ್ದಲ್ಲ ಅಂತನ ಹೇಳಾಕತ್ತೀನ್ರಿ" ಎಂದು, ತಾನೇ ಕ್ಲಿಪ್ಪು ಬಿಚ್ಚಿಟ್ಟು ಎದ್ದು ಹೋದಳು. ಅವಳಿಗೆ ಓದು ಬರುವುದಿಲ್ಲ. ಅಪ್ಪಾಜಿಯ ವಿಷಯವನ್ನು ನಾನು ಆ ಮಿಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ಪೆನ್ನು ಹಿಡಿದೇ ಕೂತಿದ್ದೆ. ಆಮೇಲೆ ಅಣ್ಣನಿಗೆ ಫೋನು ಮಾಡಿ, "ಆಪರೇಷನ್ ಬ್ಯಾಡ" ಎಂದೆ. "ಆತು ತಂಗಿ" ಎಂದು ಅವನು ಆಗಲೇ ಡಾಕ್ಟರಿಗೆ ಹೇಳಲು ಹೋದ.

ತಿಂಗಳ ನಂತರ ಹುಲಿಗೆಮ್ಮನನ್ನು ಮತ್ತೆ ಕೂರಿಸಿದೆ. ಎಲ್ಲರ ಹಾಗೆಯೇ ಆಡಿದಳು, ಎಲ್ಲರ ಹಾಗೆಯೇ ಸೋತಳು. ಅವತ್ತಿನ ಕಾಗದದ ಬಗ್ಗೆ ಕೇಳಿದರೆ, "ಯಾವ ಕಾಗದ್ರಿ?" ಎಂದಳು. ನನ್ನ ಮುಖದ ಮೇಲಿನ ಭಯ ನೋಡಿ ಹಾಗೆ ಹೇಳಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಎಲೆಗಳು? ಅವು ನನಗೇ ಗೊತ್ತಿರಲಿಲ್ಲವಲ್ಲ. ಪ್ರಬಂಧದಿಂದ ಅವಳ ಹಾಳೆಯನ್ನು ತೆಗೆದುಹಾಕಿದೆ. ಅದು ತಪ್ಪು, ಒಪ್ಪುತ್ತೇನೆ.

ಅಪ್ಪಾಜಿ ಮೂರು ವರ್ಷ ಬದುಕಿದರು. ಕುರುಗೋಡಿನ ಮನೆಯಲ್ಲಿ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವರು ಹಾಗೇ ಕುಸಿದರು. ಆ ನಾಳವೇ ಒಡೆದಿತ್ತು. ಆಪರೇಷನ್ ಆಗಿದ್ದರೆ ಇನ್ನೂ ಹದಿನೈದು ವರ್ಷ ಇರುತ್ತಿದ್ದರೋ, ಆ ಮೇಜಿನಿಂದ ಏಳುತ್ತಲೇ ಇರಲಿಲ್ಲವೋ, ಯಾರಿಗೆ ಗೊತ್ತು? ಆ ಒಂದು ಎಲೆಯನ್ನು ಮಗುಚಿ ನೋಡುವ ದಾರಿ ನನಗಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅಣ್ಣ ಹೇಳುತ್ತಿದ್ದ, "ನಮ್ಮ ತಂಗಿ ಎಲ್ಲಾ ಲೆಕ್ಕ ಹಾಕಿ ನೋಡಿ ಬ್ಯಾಡ ಅಂದ್ಲು. ಅದಕ್ಕ ಮೂರು ವರ್ಷ ಸಿಕ್ರು ನಮಗ."

ಇವತ್ತಿಗೂ ಹಾಗೆಯೇ ಹೇಳುತ್ತಾನೆ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹಾಗಾದರೆ ಯಾರ ಮಾತು ಕೇಳಿದಿ ಎಂದು ಅವನು ಕೇಳಿಬಿಟ್ಟರೆ ಎಂದುಕೊಂಡು, ಚಹಾ ಮಾಡಲು ಎದ್ದು ಒಳಗೆ ಹೋಗುತ್ತೇನೆ.